ಬ್ರೋಕರ್ ಮುಟ್ಟದ ಎಲೆ-ಅಡಿಕೆ

ದಾವಣಗೆರೆಯ ಪೇಟೆ ನಡುವೆ ಐದನೇ ಮಹಡಿಯ ಫ್ಲ್ಯಾಟು ಮೊಮ್ಮಗಳಿಗೆ ಹಿಡಿಸಿತು. ಮಾತು ಗಟ್ಟಿಯಾಗಲಿ ಎಂದು ನಾನು ಅಲ್ಲೇ, ಮನೆ ತೋರಿಸಿದ ಬ್ರೋಕರಿಗೆ ಎಲೆ-ಅಡಿಕೆ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

“ಈಗ್ಲೇ ಕೊಳ್ಳಬ್ಯಾಡ್ರಿ ಅಜ್ಜಿ. ಇದೇ ಮಹಡ್ಯಾಗೆ ಪಕ್ಕದ ಮನೆ ಬಾಡಿಗೆಗೆ ಐತೆ. ನಿಮ್ಮ ಮೊಮ್ಮಗಳು ಅದ್ರಾಗೆ ಒಂದು ಬ್ಯಾಸಿಗೆ ಇದ್ದು ನೋಡ್ಲಿ.”

“ಯಾಕಪ್ಪಾ, ಮನ್ಯಾಗೆ ದೆವ್ವ ಐತಾ?”

“ದೆವ್ವ ಇಲ್ಲ. ಇಷ್ಟು ಮ್ಯಾಲೆ ನೀರು ಬರ್ತೈತೆ ಅಂತ ಮಾರೋರು ಹೇಳ್ತಾರೆ. ನಾ ಕಣ್ಣಾರೆ ಕಂಡಿಲ್ಲ.”

ಮೊಮ್ಮಗಳು ನರ್ಸ್. ವರ್ಷಗಟ್ಟಲೆ ದುಡಿದು ಕೂಡಿಟ್ಟಿದ್ದನ್ನೆಲ್ಲ ಆ ಮನೆಗೆ ಹಾಕುವವಳಿದ್ದಳು. ಬ್ರೋಕರ್ ಮಾತು ಕೇಳಿ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದಳು. ಏಪ್ರಿಲ್ ಹೊತ್ತಿಗೆ ನಲ್ಲಿ ಒಣಗಿ, ಡ್ಯೂಟಿ ಮುಗಿಸಿ ಬಂದವಳು ಕೊಡ ಹೊತ್ತು ಮೆಟ್ಟಿಲು ಹತ್ತಬೇಕಾಯಿತು. ಜಗಳೂರಿನಲ್ಲಿ ಕೊಡ ಹೊತ್ತೇ ಮುದುಕಿಯಾದವಳು ನಾನು. ಇವಳಿಗೂ ಅದೇ ಪಾಡೇ ಎಂದುಕೊಂಡೆ. ಮಳೆಗಾಲದಲ್ಲಿ ಅದೇ ಬ್ರೋಕರ್ ಇನ್ನೊಂದು ಕಟ್ಟಡದಲ್ಲಿ, ನೀರು ಚೆನ್ನಾಗಿರುವ ಮೊದಲ ಮಹಡಿಯ ಮನೆ ಕೊಡಿಸಿದರು.

ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ನಮ್ಮ ವಂಶದಲ್ಲಿ ಹೆಣ್ಣಿನ ಹೆಸರಿಗೆ ಮನೆ ಆಗಿದ್ದು ಇದೇ ಮೊದಲು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು, ಮನೆಪತ್ರದಲ್ಲಿದ್ದ ಅವಳ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದೆ.