ಮೂರು ತಟ್ಟಿದರೆ ಈಚೆ ಬಾ

ನಂಬಿ, ಬಿಡಿ, ನಿಮ್ಮಿಷ್ಟ. ಆದರೆ ಇದು ನಡೆದದ್ದು ನನಗೇ. ಅಂದಿನಿಂದ ಮಗಳ ಮಂಚವನ್ನು ಗೋಡೆಯಿಂದ ಎಳೆದು ಕೋಣೆಯ ನಡುವೆ ಹಾಕಿದ್ದೇನೆ. ಹೆಂಡತಿ ನಗುತ್ತಾಳೆ. ನಗಲಿ.

ಇಲ್ಲಿ ಗಲ್ಫಿನ ಮುಹರಖ್ ಪಟ್ಟಣದಲ್ಲಿ ಮುತ್ತಿನ ವ್ಯಾಪಾರಿಯೊಬ್ಬರ ಹಳೆಯ ಮನೆಯಿದೆ. ಅಲ್ಲಿನ ವಾಲ್‌ಪೇಪರ್‌ಗಳನ್ನು ಮೊದಲಿದ್ದಂತೆ ಸರಿಪಡಿಸುವ ಕೆಲಸ ನನ್ನದು ಮತ್ತು ಉಳ್ಳಾಲದ ರಫೀಕನದು. ಕಾಗದದ ಹಿಂದೆ ಗಾರೆ ಎಲ್ಲಿ ಟೊಳ್ಳಾಗಿದೆ ಎಂದು ತಿಳಿಯಲು ಗೋಡೆ ತಟ್ಟಿ ಕೇಳಬೇಕು. ಹಗಲೆಲ್ಲ ಬಡಗಿಗಳ ಗದ್ದಲ. ಹಾಗಾಗಿ ರಾತ್ರಿಯೇ ಗತಿ.

ನಾನು ಈಚೆ, ರಫೀಕ್ ಗೋಡೆಯಾಚೆ. ನಾನೊಂದು ತಟ್ಟಿದರೆ ಅವನೂ ಅದೇ ಜಾಗದಲ್ಲಿ ಒಂದು ತಟ್ಟುತ್ತಾನೆ. ಮೂರು ತಟ್ಟಿದರೆ, ಮುಗಿಯಿತು, ಈಚೆ ಬಾ ಎಂದರ್ಥ. ವರ್ಷಗಳ ಅಭ್ಯಾಸ, ಕೈಗೆ ಯೋಚನೆಯೇ ಬೇಡ.

ಆ ರಾತ್ರಿ ನಾನಿದ್ದದ್ದು ಆ ಮನೆಯ ಮಕ್ಕಳ ಕೋಣೆಯಲ್ಲಿ. ಸೆಕೆ, ಹಸಿ ಮೈದಾ ಅಂಟಿನ ವಾಸನೆ... ತಟ್ಟಿದೆ. ಉತ್ತರ ಬಂತು. ಮತ್ತೆ ತಟ್ಟಿದೆ. ಬಂತು. ಆದರೆ ನಾನು ಎಷ್ಟು ಎತ್ತರದಲ್ಲಿ ತಟ್ಟಿದರೂ ಉತ್ತರ ಮಾತ್ರ ಕೆಳಗೆ, ನನ್ನ ಮೊಣಕಾಲಿನ ಮಟ್ಟದಲ್ಲಿ. ಈ ಮಾರಾಯ ಕೂತುಕೊಂಡು ಕೆಲಸ ಮಾಡುತ್ತಿದ್ದಾನೆಂದು ಸಿಟ್ಟು ಬಂತು. ಸಾಕೆನಿಸಿ ಮೂರು ತಟ್ಟಿಬಿಟ್ಟೆ.

"ಯಾರಿಗೆ ತಟ್ಟುದು ಸುರೇಶಣ್ಣ?"

ಬೆನ್ನ ಹಿಂದೆ, ಬಾಗಿಲಲ್ಲಿ ರಫೀಕ್. ಕೈಯಲ್ಲಿ ಎರಡು ಕರಕ್ ಚಾ.

"ನೀನು... ಆಚೆ ಇರ್ಲಿಲ್ವಾ?"

"ಚಾ ತರ್ತೇನೆ ಅಂತ ಹೇಳಿಯೇ ಹೋದದ್ದಲ್ವಾ, ಆಗ್ಲೇ?" ಅವನ ದನಿ ಇಳಿಯಿತು. "ಎಷ್ಟು ತಟ್ಟಿದ್ರಿ?"

"ಮೂರು."

ಟಾರ್ಚ್ ಹಿಡಿದು ಆಚೆ ಕೋಣೆಗೆ ಹೋದೆವು. ಯಾರೂ ಇರಲಿಲ್ಲ. ನೆಲದ ಧೂಳಿನಲ್ಲಿ ರಫೀಕನ ಚಪ್ಪಲಿಯ ಗುರುತಷ್ಟೇ.

"ಕರೆದದ್ದು ಒಳ್ಳೇದಾಗ್ಲಿಲ್ಲ ಅಣ್ಣ," ಎಂದ. ಚಾ ಕುಡಿಯದೆ ಹೊರಟೆವು.

ಜಿಂಜ್‌ನ ನಮ್ಮ ಫ್ಲ್ಯಾಟಿಗೆ ಬಂದಾಗ ಮಗಳು ಮಲಗಿದ್ದಳು. ಅವಳ ಕೋಣೆಯಲ್ಲಿ ಹಸಿ ಅಂಟಿನ ವಾಸನೆ... ನನ್ನ ಬಟ್ಟೆಯದಿರಬೇಕು ಎಂದುಕೊಂಡೆ.

ಬೆಳಿಗ್ಗೆ ಅವಳು ಕೇಳಿದಳು: "ಪಪ್ಪಾ, ನೈಟ್ ವಾಲಿಗೆ ನಾಕ್ ಮಾಡಿದ್ದು ಯಾರು?"

ಅವಳ ಮಂಚ ತಾಗಿದ್ದ ಗೋಡೆ ಕಟ್ಟಡದ ಹೊರಗೋಡೆ. ನಾವಿರುವುದು ಐದನೇ ಮಹಡಿ. ಆಚೆ ಬರೀ ಗಾಳಿ.

ಅವತ್ತೇ ಮಂಚ ಸರಿಸಿದೆ. ಎಲ್ಲ ನಿಂತಿತು ಎಂದುಕೊಂಡಿದ್ದೆ. ನಿನ್ನೆ ರಾತ್ರಿ ಏನೋ ಸದ್ದಾಗಿ ಹೋಗಿ ನೋಡಿದರೆ, ಅವಳು ನಿದ್ದೆಗಣ್ಣಲ್ಲೇ ಆ ಗೋಡೆಯೆದುರು ಕೂತಿದ್ದಳು. ಮೂರು ತಟ್ಟುವ ನಮ್ಮ ಲೆಕ್ಕ ನಾನವಳಿಗೆ ಹೇಳಿದವನೇ ಅಲ್ಲ. ಆದರೂ ತಟ್ಟುತ್ತಿದ್ದಳು. ಒಂದು... ಎರಡು...

ಓಡಿ ಅವಳ ಕೈ ಹಿಡಿದುಬಿಟ್ಟೆ.

ಮೂರನೆಯದು ಆಚೆಯಿಂದ ಬಂತು.