ಒಡೆದ ಲ್ಯಾಪ್‌ಟಾಪಿನ ಪ್ರೊಸೆಸರ್

ಬಬಲೇಶ್ವರದ ಗಂಡನ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ನನ್ನ ಗಂಡ ನನ್ನ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎತ್ತಿ ಆ ಕಲ್ಲಿಗೆ ಬಡಿದ. ಮೊದಲ ಏಟಿಗೇ ಪರದೆ ಸೀಳಿತು. ಅಷ್ಟಕ್ಕೆ ಸಮಾಧಾನವಾಗದೆ ಮತ್ತೆ ಎತ್ತಿ ಮತ್ತೆ ಬಡಿದ. ಕೀಬೋರ್ಡಿನ ಗುಂಡಿಗಳು ಪುಟಾಣಿ ಕಾಳಿನ ಹಾಗೆ ಹಿತ್ತಲ ತುಂಬ ಚೆಲ್ಲಿದವು. ನಾನು ಓಡಿಹೋಗಿ ಅವನ ಮಣಿಕಟ್ಟನ್ನು ಕಚ್ಚಿದೆ. ರಕ್ತದ ಉಪ್ಪು ನಾಲಿಗೆಗೆ ಹತ್ತುವವರೆಗೂ ಬಿಡಲಿಲ್ಲ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ಓದಬೇಡಿ. ಇನ್ನೂ ಸ್ವಲ್ಪ ಗಟ್ಟಿಯಾಗಿ ಕಚ್ಚಬೇಕಿತ್ತು ಎನ್ನುವುದೊಂದೇ ನನ್ನ ಕೊರಗು. ಅವನು ಚಾರ್ಜರಿನ ವೈರನ್ನು ಕೈಗೆ ಸುತ್ತಿಕೊಂಡು ನನ್ನ ಬೆನ್ನಿನ ಮೇಲೆ ಸಿಟ್ಟು ತೀರಿಸಿಕೊಂಡ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಾಕು ಬಿಡೋ, ಮಂದಿ ಕೇಳ್ತಾರ" ಎಂದಳು. ಹೊಡೆಯಬೇಡ ಎನ್ನಲಿಲ್ಲ, ಸಪ್ಪಳ ಮಾಡಬೇಡ ಎಂದಳು.

ಇಷ್ಟಕ್ಕೆಲ್ಲ ಕಾರಣ ಊಟದ ಹೊತ್ತಿಗೆ ಬಂದ ಒಂದು ಫೋನು. ನಾನು ಸಿವಿಲ್ ಡಿಪ್ಲೊಮಾ ಓದಿದವಳು. ವಿಜಯಪುರದ ಅಥಣಿ ರಸ್ತೆಯಲ್ಲಿ ಆಫೀಸು ಇಟ್ಟಿರುವ ಎಂಜಿನಿಯರ್ ಒಬ್ಬರಿಗೆ ಮನೆಗಳ ನಕ್ಷೆ ಬಿಡಿಸಿ ಕಳಿಸುತ್ತಿದ್ದೆ. ಆಗ ಕೈಯಲ್ಲಿದ್ದದ್ದು ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಮನೆ. ಮೆಟ್ಟಿಲು ಎಡಕ್ಕೆ ಬರುತ್ತದೋ ಬಲಕ್ಕೋ ಎಂದು ಕೇಳಲು ಎಂಜಿನಿಯರರು ಫೋನು ಮಾಡಿದ್ದರು. ಮೆಟ್ಟಿಲಿನ ಬಗ್ಗೆ ನಾನು ನಕ್ಕು ಮಾತಾಡಿದೆನಂತೆ. ಪಂಪಿನ ಸಾಮಾನು ಮಾರುವ ಅಂಗಡಿಯಲ್ಲಿ ಕೂತು ದಿನವಿಡೀ ಊರವರೊಡನೆ ಹಲ್ಲು ಕಿರಿಯುವ ಮನುಷ್ಯನಿಗೆ ನನ್ನದೊಂದು ನಗು ತಡೆಯಲಾಗಲಿಲ್ಲ.

ಒಡೆದದ್ದನ್ನೆಲ್ಲ ಜೋಳದ ಚೀಲಕ್ಕೆ ತುಂಬಿಕೊಂಡು ವಿಜಯಪುರದ ಬಸ್ಸು ಹತ್ತಿದೆ. ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು, ಸೀಟಿಗೆ ಒರಗಲು ಆಗಲಿಲ್ಲ. ಚೀಲದೊಳಗಿನ ಸದ್ದು ಕೇಳಿ ಪಕ್ಕದ ಹೆಂಗಸು, "ಏನೈತಿ ಬೇ ಅದರಾಗ, ಭಾಂಡೇನು?" ಎಂದಳು.

"ಹೂಂ ರೀ, ಒಡದ ಭಾಂಡೆ" ಎಂದೆ.

ವಿಜಯಪುರದ ಜಲನಗರದ ತವರಿನಲ್ಲಿ ಅವ್ವ ನನ್ನ ಬೆನ್ನಿಗೆ ಎಣ್ಣೆ ಅರಿಶಿನ ಹಚ್ಚಿದಳು, ಹಚ್ಚುತ್ತಲೇ ಬೈದಳು. "ನಿಮ್ಮಪ್ಪ ನನಗ ಹೊಡದಿಲ್ಲೇನು? ನಾ ಎಲ್ಲಿಗೆ ಹೋದ್ನಿ ಹೇಳು?" ಅಪ್ಪ ಸರಕಾರಿ ಆಫೀಸಿನ ಗುಮಾಸ್ತನಾಗಿದ್ದವನು, ತೀರಿಹೋಗಿ ವರ್ಷಗಳಾದವು. ಅವನು ಹೊಡೆಯುವುದನ್ನು ಚಿಕ್ಕಂದಿನಲ್ಲಿ ನಾನು ಕಂಡಿದ್ದೆ. ಆದರೆ ಅವನ ಫೋಟೊಕ್ಕೆ ದಿನವೂ ಹೂವು ಏರಿಸುವವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ನನಗೆ ಅಯ್ಯೋ ಎನಿಸಲಿಲ್ಲ, ಸಿಟ್ಟೇ ಬಂತು.

ಸಂಜೆ ಪಕ್ಕದ ಓಣಿಯ ಸೋದರಮಾವ ಬಂದು ತೀರ್ಮಾನ ಹೇಳಿದ. ಭಾನುವಾರ ಅವರ ಕಡೆಯ ಹಿರಿಯರು ಬರುತ್ತಾರೆ, ಮಾತು ಮುಗಿಸುತ್ತಾರೆ, ಉಣ್ಣುತ್ತಾರೆ, ನಿನ್ನನ್ನು ಕರೆದುಕೊಂಡು ಹೋಗುತ್ತಾರೆ. ಎಲ್ಲವೂ ಫೋನಿನಲ್ಲೇ ಗೊತ್ತಾಗಿತ್ತು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನಾನು ಎಂಜಿನಿಯರರಿಗೆ ಫೋನು ಹಚ್ಚಿ ನೌಕರಿ ಕೇಳಿದೆ. ಅವರು ಒಳಸುಳಿ ಗೊತ್ತಿಲ್ಲದ ಮನುಷ್ಯ, ನೇರ ಮಾತಾಡಿದರು. "ಆಫೀಸಿನ್ಯಾಗ ಒಂದು ಟೇಬಲ್ ಖಾಲಿ ಐತ್ರಿ. ದಿನಾ ಬಂದು ಕುಂಡ್ರತೀರಂದ್ರ ಪಗಾರದ ಮ್ಯಾಲೆ ತಗೋತೀನಿ. ಮಶೀನ್ ಮಾತ್ರ ನಿಮ್ದ ಇರಬೇಕು. ಮತ್ತ ತಿಕೋಟಾದ ನಕ್ಷಾ ಸೋಮವಾರ ಬೇಕ್ರಿ, ಇಲ್ಲಂದ್ರ ಬ್ಯಾರೆದವ್ರಿಗೆ ಕೊಡ್ತೀನಿ." ಅಲ್ಲಿಗೆ ನನ್ನ ಬಾಳು ಒಂದು ಮಶೀನಿಗೆ ಬಂದು ನಿಂತಿತು. ಮಶೀನಿದ್ದರೆ ನೌಕರಿ, ನೌಕರಿಯಿದ್ದರೆ ಈ ಊರಿನಲ್ಲಿ ನನ್ನ ಕಾಲ ಮೇಲೆ ನಿಲ್ಲಬಹುದು. ಇಲ್ಲದಿದ್ದರೆ ಬಬಲೇಶ್ವರ, ಅದೇ ಹಿತ್ತಲು, ಅದೇ ಕಲ್ಲು.

ತವರಿನ ಅಲಮಾರಿಯಲ್ಲಿ ತಮ್ಮನ ಹಳೆಯ ಲ್ಯಾಪ್‌ಟಾಪ್ ಇತ್ತು. ನಾವು ಓದುವಾಗ ಅಪ್ಪ ಒಂದೇ ಮಾಡೆಲಿನ ಎರಡು ತಂದಿದ್ದ. ನಕ್ಷೆ ಬಿಡಿಸುವವಳೆಂದು ನನಗೆ ಚುರುಕಾದ ಪ್ರೊಸೆಸರಿನದು, ಸಿನಿಮಾ ನೋಡುವವನೆಂದು ತಮ್ಮನಿಗೆ ಅಗ್ಗದ್ದು. ಹೊಡೆಯುವ ಅಪ್ಪನೇ ಅದನ್ನು ಯೋಚಿಸಿ ತಂದಿದ್ದ ಎನ್ನುವುದನ್ನೂ ಹೇಳಿಬಿಡಬೇಕು. ತಮ್ಮ ಬೆಳಗಾವಿಗೆ ಕೆಲಸಕ್ಕೆ ಹೋಗುವಾಗ ಅದನ್ನು ಇಲ್ಲೇ ಬಿಟ್ಟಿದ್ದ. ಧೂಳು ಒರೆಸಿ, ನಕ್ಷೆಯ ಸಾಫ್ಟ್‌ವೇರ್ ಹಾಕಿ, ಮೇಲ್‌ನಲ್ಲಿದ್ದ ತಿಕೋಟಾದ ಮನೆಯನ್ನು ತೆರೆದೆ. ಅವ್ವ ಒಂದು ಬುಟ್ಟಿ ರೊಟ್ಟಿ ಬಡಿದು ಮುಗಿಸಿದರೂ ಅದು ಅರ್ಧ ಗೋಡೆ ತೋರಿಸಿ ಅಲ್ಲೇ ಗಕ್ಕನೆ ನಿಂತಿತ್ತು. ಸಿಟ್ಟು ತಾಳದೆ ಅದಕ್ಕೂ ಒಂದು ಗುದ್ದಿದೆ. ಗುದ್ದಿದ ಮೇಲೆ ಪರದೆಗೆ ಏನಾದರೂ ಆಯಿತೇನೋ ಎಂದು ನಾನೇ ಹೆದರಿ ಸವರಿ ನೋಡಿದೆ.

ಶನಿವಾರ ಎರಡನ್ನೂ ಹೊತ್ತು ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಚೀಲದೊಳಗೆ ನೋಡಿ, "ಯಪ್ಪಾ, ಇದರ ಮ್ಯಾಲೆ ಟ್ರ್ಯಾಕ್ಟರ್ ಹಾಯಿಸೀರೇನ್ರಿ?" ಎಂದು ನಕ್ಕ.

"ಗಂಡ ಬಡದಾನ" ಎಂದೆ. ಅವನ ನಗು ಅಲ್ಲೇ ನಿಂತಿತು.

ತಿರುಗಿಸಿ ಮುರುಗಿಸಿ ನೋಡಿ ಅವನು ಹೇಳಿದ: "ಬೋರ್ಡ್ ಸೀಳೇತ್ರಿ. ಪ್ರೊಸೆಸರ್ ಉಳದಿದ್ರೂ ಉಳದಿರಬೇಕು. ಹಳೇ ಮಾಡೆಲ್ ಅಂತ ಬಚಾವಾದ್ರಿ, ತಗದು ಆ ಇನ್ನೊಂದಕ್ಕ ಹಾಕಾಕ ಬರತೈತಿ. ಈಗಿನ ಹೊಸಾವ ಇರ್ತಾವಲ್ಲ, ಅವಕ್ಕ ಬೋರ್ಡಿಗೇ ಬೆಸದಿರ್ತಾರ. ಒಡೀತಂದ್ರ ಮುಗೀತು, ಒಳಗಿಂದ ಏನೂ ತಗಿಯಾಕ ಬರೂದಿಲ್ಲ. ಕೆಲಸ ಭಾಳ ಅದಾವ್ರಿ, ಮುಂದಿನ ವಾರ ಬರ್ರಿ." ಮುಂದಿನ ವಾರ ನಾನು ಯಾವ ಊರಿನಲ್ಲಿರುತ್ತೇನೋ ಯಾರಿಗೆ ಗೊತ್ತು. ಪ್ರೊಸೆಸರಿನ ಬಿಸಿ ಎಳೆಯಲು ಹಚ್ಚುವ ಪೇಸ್ಟನ್ನೂ ಸಣ್ಣ ಸ್ಕ್ರೂಡ್ರೈವರನ್ನೂ ಅವನಲ್ಲೇ ಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಅವ್ವ ಹೋಳಿಗೆಗೆ ಕಣಕ ನಾದುತ್ತಿದ್ದಳು. ನಾನು ಅಡುಗೆಮನೆಯ ನೆಲಕ್ಕೆ ಚಾದರ ಹಾಸಿ ಎರಡು ಲ್ಯಾಪ್‌ಟಾಪ್‌ಗಳ ಹೊಟ್ಟೆ ಬಗೆಯುತ್ತಿದ್ದೆ. ಅವಳದು ನನ್ನನ್ನು ಕಳಿಸುವ ಹೋಳಿಗೆ, ನನ್ನದು ಉಳಿಯುವ ಹಟ. ತಮ್ಮನದು ಸುಲಭವಾಗಿ ಬಿಚ್ಚಿತು, ಅದರ ಅಗ್ಗದ ಪ್ರೊಸೆಸರನ್ನು ತೆಗೆದು ಬದಿಗಿಟ್ಟೆ. ನನ್ನದು ಜಜ್ಜಿಹೋಗಿ ಸ್ಕ್ರೂಗಳು ತಿರುಗಲೇ ಇಲ್ಲ. ಇಕ್ಕಳ ಹಾಕಿ ಕಿತ್ತೆ, ಮುರಿದೆ, ಪ್ಲಾಸ್ಟಿಕ್ಕಿನ ಚೂರು ಬೆರಳು ಸೀಳಿತು. ಫ್ಯಾನನ್ನೂ ತಾಮ್ರದ ಕೊಳವೆಯನ್ನೂ ಕಿತ್ತ ಮೇಲೆ, ಒಣಗಿದ ಪೇಸ್ಟಿನ ಕೆಳಗೆ ಅದು ಕಂಡಿತು, ಅಂಚೆ ಚೀಟಿಗಿಂತ ತುಸು ದೊಡ್ಡದಾದ ಹಸಿರು ಚೌಕ. ಪಕ್ಕದ ತಿರುಪನ್ನು ಅರ್ಧ ಸುತ್ತು ತಿರುಗಿಸಿ ನೇರವಾಗಿ ಮೇಲೆತ್ತಿದೆ. ತಿರುಗಿಸಿ ನೋಡಿದರೆ ತಳದಲ್ಲಿ ಸೂಜಿಗಿಂತ ಸಣ್ಣ ಬಂಗಾರದ ಬಣ್ಣದ ಮೊಳೆಗಳು, ನೂರಾರು. ಒಂದು ಬಾಗಿದ್ದರೂ ಎಲ್ಲ ಮುಗಿದಂತೆ. ಅಷ್ಟು ಬಡಿದಿದ್ದನಲ್ಲ, ಒಂದೂ ಬಾಗಿರಲಿಲ್ಲ. ವೈರಿನ ಏಟಿಗೆ ಅಳದಿದ್ದ ನನಗೆ ಆಗ ಅಳು ಬಂತು.

ಅದು ಇನ್ನೂ ಅಂಗೈಯಲ್ಲಿರುವಾಗಲೇ ಹೊರಗೆ ಜೀಪು ನಿಂತ ಸದ್ದಾಯಿತು. ಹಿರಿಯರು ಪಡಸಾಲೆಯಲ್ಲಿ ಕೂತರು. ನನ್ನ ಗಂಡ ನೀರು ಕುಡಿಯುವ ನೆವ ಮಾಡಿ ಅಡುಗೆಮನೆಯ ಬಾಗಿಲಿಗೆ ಬಂದ. ನೆಲದ ಮೇಲಿನದನ್ನು ನೋಡಿ, ಅವ್ವ ಅಲ್ಲೇ ಇದ್ದಾಳೆ ಎಂಬುದನ್ನೂ ಲೆಕ್ಕಿಸದೆ, "ಇದನ್ನೂ ಒಡೀಲೇನು?" ಎಂದ. ಬೇರೆ ದಿನವಾಗಿದ್ದರೆ ನನ್ನ ಕೈಯ ಸ್ಕ್ರೂಡ್ರೈವರ್ ಅವನ ತೊಡೆಯಲ್ಲಿರುತ್ತಿತ್ತು. ಆದರೆ ಇನ್ನೊಂದು ಕೈಯಲ್ಲಿ ಪ್ರೊಸೆಸರ್ ಇತ್ತು, ಕೈ ನಡುಗಿದರೆ ಮೊಳೆ ಬಾಗುತ್ತಿತ್ತು. ಹಲ್ಲು ಕಚ್ಚಿ, ಮೂಲೆಯ ಗುರುತಿಗೆ ಗುರುತು ಹೊಂದಿಸಿ, ತಮ್ಮನ ಲ್ಯಾಪ್‌ಟಾಪಿನಲ್ಲಿ ಅದನ್ನು ಇಟ್ಟೆ. ಒತ್ತುವ ಮೊದಲೇ ತಾನಾಗಿ ಇಳಿದು ಕೂತಿತು. ತಿರುಪು ಬಿಗಿದೆ, ಪೇಸ್ಟು ಹಚ್ಚಿದೆ, ಫ್ಯಾನು ಕೂರಿಸಿದೆ. ತಲೆ ಎತ್ತುವಷ್ಟರಲ್ಲಿ ಅವನು ಹೊರಗೆ ಹೋಗಿದ್ದ, ಅವ್ವ ಲಟ್ಟಣಿಗೆ ಹಿಡಿದು ಅವನು ಹೋದ ಬಾಗಿಲನ್ನೇ ನೋಡುತ್ತಿದ್ದಳು.

ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಸೋದರಮಾವ ಹೊರಗಿನಿಂದ ನನ್ನನ್ನು ಕೂಗಿದ. ನಾನು ಏಳಲಿಲ್ಲ. ಅವನು ಮತ್ತೆ ಕೂಗುವಷ್ಟರಲ್ಲಿ ಬೆಳಕು ಬಂತು. ನಕ್ಷೆ ತೆರೆದದ್ದೇ ತಡ, ತಿಕೋಟಾದ ಮನೆ ಗೋಡೆ, ಕಿಟಕಿ, ಮೆಟ್ಟಿಲುಗಳ ಸಮೇತ ಪರದೆಯ ಮೇಲೆ ಎದ್ದು ನಿಂತಿತು.

ಎದ್ದು ಪಡಸಾಲೆಗೆ ಬಂದರೆ ನನ್ನ ಗಂಡ ಬ್ಯಾಂಡೇಜು ಬಿಚ್ಚಿ ಮಣಿಕಟ್ಟು ತೋರಿಸುತ್ತಿದ್ದ. "ನೋಡ್ರಿ, ನಾಯಿ ಕಡದಂಗ ಕಡದಾಳ." ಹಿರಿಯರು ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿ ಲೊಚಗುಟ್ಟಿದರು. ಅವನ ಗಾಯ ಕೈಯಲ್ಲಿತ್ತು, ನನ್ನದು ರವಿಕೆಯ ಕೆಳಗೆ. ಅದನ್ನು ಯಾವ ಸಭೆಗೆ ತೋರಿಸಲಿ? ಎಲ್ಲರಿಗಿಂತ ಹಿರಿಯನಾದವನು ಹೊಸ ಲ್ಯಾಪ್‌ಟಾಪಿನ ಡಬ್ಬವನ್ನು ನನ್ನ ಕಡೆ ತಳ್ಳಿದ. "ಆದದ್ದಾತವಾ. ನೋಡು, ನಿನಗ ಹೊಸಾದ ತಂದಾನ. ಹಳೇದು ಒಗದು ನಡಿ ಇನ್ನ." ಅವ್ವ ತಾಟಿನಲ್ಲಿ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಇಟ್ಟುಕೊಂಡು ಬಂದು ನಿಂತಳು. ಅದನ್ನು ಮಗಳ ಸೆರಗಿಗೆ ಸುರಿದು ಉಡಿ ತುಂಬಿದರೆ ಅವಳು ಗಂಡನ ಮನೆಗೆ ಹೊರಟಳೆಂದೇ ಅರ್ಥ.

"ಇದು ಬ್ಯಾಡ್ರಿ" ಎಂದೆ. "ಇದರ ಪ್ರೊಸೆಸರ್ ಬೋರ್ಡಿಗೇ ಬೆಸದಿರ್ತಾರ. ಮುಂದಿನ ಸಲ ಇವ್ರು ಕಲ್ಲಿಗೆ ಬಡದಾಗ ಒಳಗಿಂದ ತಗಿಯಾಕ ನನಗ ಏನೂ ಉಳಿಯೂದಿಲ್ಲ."

ಉಳಿದವರಿಗೆ ಅರ್ಥವಾಗುವ ಮೊದಲೇ ನನ್ನ ಗಂಡನಿಗೆ ಅರ್ಥವಾಯಿತು. ಗಾಯದ ಕೈಯಿಂದಲೇ ಹೊಡೆದ. ತುಟಿ ಹಲ್ಲಿಗೆ ಸಿಕ್ಕಿ ಒಡೆದು ರಕ್ತ ಹೊಸ ಡಬ್ಬದ ಮೇಲೆ ತೊಟ್ಟಿಕ್ಕಿತು. ಈ ಏಟು ರವಿಕೆಯ ಕೆಳಗಿನದಲ್ಲ, ಎಲ್ಲರೂ ಕಣ್ಣಾರೆ ಕಂಡರು. ಈಗಲಾದರೂ ಏನನ್ನುತ್ತಾರೆ ಎಂದು ನಾನು ಒಬ್ಬೊಬ್ಬರ ಮುಖವನ್ನೇ ನೋಡಿದೆ. ಹಿರಿಯ ಗಂಟಲು ಸರಿಮಾಡಿಕೊಂಡ. "ನೀನೂ ಹಂಗ ಅನಬಾರದಿತ್ತವಾ" ಎಂದ. ಸೋದರಮಾವ ಹೌದೆಂದು ತಲೆಯಾಡಿಸಿ ಅವ್ವನ ಕಡೆ ತಿರುಗಿದ. "ಉಡಿ ತುಂಬಬೇ, ಹೊತ್ತಾಗಾಕತ್ತೈತಿ."

ಅವ್ವ ತಾಟು ಹಿಡಿದು ನನ್ನೆದುರಿಗೆ ಬಂದಳು. ನಾನು ಸೆರಗು ಒಡ್ಡಲಿಲ್ಲ. ಅವಳು ನನ್ನ ತುಟಿಯನ್ನು ನೋಡಿದಳು, ತಾಟನ್ನು ನೋಡಿದಳು, ತಿರುಗಿ ಅಡುಗೆಮನೆಗೆ ನಡೆದಳು. ಉಡಿಯ ಅಕ್ಕಿಯನ್ನು ವಾಪಸು ಡಬ್ಬಿಗೆ ಸುರಿದ ಸದ್ದು ಪಡಸಾಲೆಯವರೆಗೂ ಕೇಳಿತು. ತೆಗೆದಿಟ್ಟ ಉಡಿಯನ್ನು ಹೀಗೆ ಡಬ್ಬಿಗೆ ಸುರಿದವರನ್ನು ನಾನು ಕಂಡಿಲ್ಲ, ಕೇಳಿಲ್ಲ. ಮನೆ ತುಂಬ ಹೋಳಿಗೆಯ ವಾಸನೆ ಇತ್ತು. ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, "ಊಟದ ಹೊತ್ತಾತು" ಎಂದಳು. ಹಿರಿಯರು ನಿಟ್ಟುಸಿರು ಬಿಟ್ಟು ಕೈ ತೊಳೆಯಲು ಎದ್ದರು. ಅವ್ವನ ಮಾತು ಇನ್ನೂ ಮುಗಿದಿರಲಿಲ್ಲ.

"ನಿಮ್ಮ ನಿಮ್ಮ ಮನಿಗೆ ಹೋಗಿ ಉಣ್ರಿ."