ಅಟ್ಟಣೆಯ ಕೆಳಗಿರುವುದು

ಅಬೈಯಾಂಗ್ ದ್ವೀಪದ ಆ ಹಳ್ಳಿಯಲ್ಲಿ ಬಿರಿಬೋನ ಹಾಡು ಕೇಳದೆ ಬೆಳಗಾಗುತ್ತಿರಲಿಲ್ಲ. ತೆಂಗಿನ ಹೊಂಬಾಳೆ ಕೊಯ್ದು ನೀರಾ ಇಳಿಸುವವರು ಮರದ ತುದಿಯಲ್ಲಿ ಹಾಡಲೇಬೇಕು. ಮೇಲೊಬ್ಬ ಗಂಡಸಿದ್ದಾನೆಂದು ಕೆಳಗೆ ಸ್ನಾನಕ್ಕೆ ನಿಂತ ಹೆಂಗಸರಿಗೆ ತಿಳಿಯಬೇಕಲ್ಲ. ಬಿರಿಬೋನದು ಅಷ್ಟೇನೂ ಇಂಪಾದ ಕಂಠವಲ್ಲ, ಆದರೆ ಒಂದು ದಿನವೂ ಹಾಡು ತಪ್ಪಿಸಿದವನಲ್ಲ. ಬರಿಗಾಲಲ್ಲಿ ಹತ್ತುತ್ತಿದ್ದ, ಇಳಿದೊಡನೆ ಮೊದಲ ಚಿಪ್ಪು ನೀರಾ ತಾನೇ ಕುಡಿಯುತ್ತಿದ್ದ. ಹವಳದ ಕಲ್ಲು ಅಂಗಾಲು ಸೀಳಿದರೂ ನೋವು ತಿಳಿಯದಾದಾಗ, ಕಾಲು ಮರದಷ್ಟೇ ಗಟ್ಟಿಯಾಯಿತೆಂದು ಹೆಮ್ಮೆಪಟ್ಟ. ಅದು ಸಕ್ಕರೆ ಕಾಯಿಲೆಯೆಂದು ನರ್ಸಮ್ಮ ಹೇಳುವ ಹೊತ್ತಿಗೆ ಕಿರುಬೆರಳು ಕಪ್ಪಾಗಿತ್ತು. ಅದನ್ನು ತೆಗೆದರು. ಕೆಲವು ತಿಂಗಳಲ್ಲಿ ಪಕ್ಕದ ಬೆರಳೂ ಹೋಯಿತು.

ಐದು ವರ್ಷದ ಮಗಳು ತೆರೆತಿಯಾಗೆ ಇದರ ಕಾರಣ ಸ್ಪಷ್ಟವಾಗಿತ್ತು. ಅವರು ಮಲಗುವ, ಗಿಡ್ಡ ಕಂಬಗಳ ಮೇಲೆ ಕಟ್ಟಿದ ಮರದ ಅಟ್ಟಣೆಯ ಕೆಳಗೆ ಏನೋ ಒಂದು ಇದೆ. ಅಪ್ಪನನ್ನು ಬೆರಳು ಬೆರಳಾಗಿ ತಿನ್ನುತ್ತಿದೆ.

ಒಂದು ಮಧ್ಯಾಹ್ನ ಹೆಂಡತಿ ರೂಟಾ ರೇಗಿದಳು. "ನೋಡು ನಿನ್ನ ಮಗಳ ಧಾರಾಳ. ನಿನಗೆ ಅಂತ ಇಟ್ಟ ಮೀನಿನ ತಲೆ ಅಟ್ಟಣೆ ಕೆಳಗೆ ಸೇರಿದೆ."

"ಅದಕ್ಕೆ ಹಸಿವಾಗ್ಬಾರ್ದಲ್ಲ," ಎಂದಳು ತೆರೆತಿಯಾ.

ಬಿರಿಬೋ ಊರುಗೋಲನ್ನು ಬದಿಗಿಟ್ಟು ಮರಳಿನ ಮೇಲೆ ಬೋರಲು ಮಲಗಿದ. "ಬಾ ಪುಟ್ಟಿ, ಇಬ್ರೂ ನೋಡೋಣ."

ಕೆಳಗೆ ಒಂದಿಷ್ಟು ಕರಟ, ಹರಿದ ಬಲೆ, ಕಾವಿಗೆ ಕೂತ ಕೋಳಿ.

"ಎಲ್ಲಿದೆ ತೋರ್ಸು. ಈ ಕೋಳಿ ತಿಂತಾ ನನ್ನ ಬೆರಳು?"

"ಹಗಲು ಅದು ಹೊರಗೆ ಹೋಗಿರತ್ತಪ್ಪಾ."

"ಏನೂ ಇಲ್ಲ ಕಂದಾ, ನನ್ನಾಣೆ. ಇನ್ನೊಂದು ಬೆರಳೂ ಹೋಗಲ್ಲ."

"ಹಂಗೆಲ್ಲ ಆಣೆ ಇಡ್ಬೇಡ," ಎಂದಳು ರೂಟಾ, ದನಿ ತಗ್ಗಿಸಿ.

ಮಳೆ ತರುವ ಪಶ್ಚಿಮದ ಗಾಳಿ ಶುರುವಾಗುವ ಮೊದಲೇ ಆ ಪಾದವೆಲ್ಲ ಕಪ್ಪಾಯಿತು. ತರಾವಾ ದ್ವೀಪದ ದೊಡ್ಡ ಆಸ್ಪತ್ರೆಗೆ ಹೋಗಿ ಮೊಣಕಾಲಿನಿಂದ ಕೆಳಗೆ ತೆಗೆಸಬೇಕೆಂದು ನರ್ಸಮ್ಮ ಹೇಳಿದಳು. ಇನ್ನು ಮರವೂ ಇಲ್ಲ, ಹಾಡೂ ಇಲ್ಲ. ದೋಣಿಗಾಗಿ ದಡದಲ್ಲಿ ಕಾಯುತ್ತಿದ್ದಾಗ ತೆರೆತಿಯಾ ಅವನಿಂದ ದೂರವೇ ನಿಂತಳು.

"ನೀನು ಇಲ್ಲ ಅಂದಿದ್ದೆ," ಎಂದಳು.

ಸಕ್ಕರೆ, ರಕ್ತ, ನರ ಎಂದೇನೋ ಹೇಳಲು ಅವನು ಬಾಯಿ ತೆರೆದ. ತನಗೇ ಅರ್ಥವಾಗದ್ದನ್ನು ಈ ಮಗುವಿಗೆ ಹೇಗೆ ಹೇಳುವುದು? ಮತ್ತೆ ಇಲ್ಲವೆಂದರೆ ಅವಳು ನಂಬಲಾರಳು. ತಾನು ಹೋದ ಮೇಲೂ ಅದೇ ಅಟ್ಟಣೆಯ ಮೇಲೆ ಅವಳು ಮಲಗಬೇಕು.

"ಇದೆ," ಎಂದ. "ನೀನು ಹೇಳಿದ್ದೇ ಸರಿ. ಆದ್ರೆ ಅದಕ್ಕೆ ಮಕ್ಕಳು ಸೇರಲ್ಲ. ಮರ ಹತ್ತೋರ ಕಾಲೇ ಆಗ್ಬೇಕು."

"ಅಮ್ಮಂದು?"

"ನಿಮ್ಮಮ್ಮನ ಬಾಯಿಗೆ ಹೆದರಿ ಹತ್ರಾನೂ ಸುಳಿಯಲ್ಲ."

ಎಷ್ಟೋ ದಿನಗಳ ಮೇಲೆ ಮಗುವಿನ ಮುಖ ತಿಳಿಯಾಯಿತು. ಓಡಿ ಬಂದು ಅವನಿಗೆ ಒರಗಿ ಕುಳಿತಳು.

"ಈ ಕಾಲು ತಿಂದ್ಮೇಲೆ ಅದರ ಹೊಟ್ಟೆ ತುಂಬತ್ತಾ ಅಪ್ಪಾ?"

"ತುಂಬತ್ತೆ ಕಂದಾ."

ಅವಳು ಕುಳಿತದ್ದು ಅವನ ಇನ್ನೊಂದು ಪಾದದ ಮೇಲೆ. ಬಗ್ಗಿ ನೋಡುವವರೆಗೂ ಅದು ಅವನಿಗೆ ತಿಳಿದಿರಲಿಲ್ಲ.